200 ಚಿತ್ತಾರದ ಗೆರಸಿಗೆ (ಬಿದಿರಿನ ಮೊರ) ಆರ್ಡರ್ ಬಂದಿದೆ, 250 ರೂಪಾಯಿಗೆ ಒಪ್ಪಿಕೊಳ್ಳಲಾ?

ಕೆಮ್ಮಣ್ಣು, ಸಾಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ತಾ ಇದ್ದೆ, ಬರೀತಿರೋದು ಇದೇ ಮೊದಲು. ಶುಕ್ರವಾರದೊಳಗೆ ಒಬ್ಬರಿಗೆ ಹೂಂ ಅನ್ನಬೇಕು ಇಲ್ಲಾ ಉಹೂಂ ಅನ್ನಬೇಕು. ಅದಕ್ಕೇ ಉದ್ದ ಆದ್ರೂ ಪೂರ್ತಿ ಬಿಡಿಸಿ ಬರೀತೀನಿ.

ನಾವು ದೀವರು. ನಮ್ಮಲ್ಲಿ ಮದುವೆಗೆ ಗೋಡೆ ಮೇಲೆ ಹಸೆ ಚಿತ್ತಾರ ಬರೀತಾರೆ, ಅದರ ಮುಂದೆ ಮದುಮಕ್ಕಳನ್ನು ಕೂರಿಸ್ತಾರೆ. ಭೂಮಿ ಹುಣ್ಣಿಮೆಗೆ, ಗದ್ದೆಗೆ ಎಡೆ ಹೊತ್ತೊಯ್ಯೋ ಬೂಮಣ್ಣಿ ಬುಟ್ಟಿಗೆ ಸಗಣಿ, ಕೆಮ್ಮಣ್ಣು ಬಳಿದು ಅಕ್ಕಿ ಹಿಟ್ಟಿನ ಎಳೆ ಎಳೀತಾರೆ. ನನಗೆ ಕಲಿಸಿದ್ದು ಅಜ್ಜಿ. ಪುಂಡಿ ನಾರಿನ ತುದಿ ಜಜ್ಜಿ ಕುಂಚ ಮಾಡೋದು, ಬಿಳಿಗೆ ಅಕ್ಕಿ ನೆನೆಸಿ ನುಣ್ಣಗೆ ಅರೆಯೋದು, ಕಪ್ಪಿಗೆ ಅಕ್ಕಿಯನ್ನು ಕರಕಲಾಗುವ ತನಕ ಹುರಿಯೋದು, ಹಳದಿಗೆ ಗುರಿಗೆ ಕಾಯಿ. ಅಜ್ಜಿಯ ಕೈ ಎಷ್ಟು ಗಟ್ಟಿ ಅಂದ್ರೆ ಎಪ್ಪತ್ತರ ಮೇಲೂ ಎರಡು ಎಳೆ ನಡುವೆ ಕೂದಲಷ್ಟು ವ್ಯತ್ಯಾಸ ಬರ್ತಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಮನೆಯಲ್ಲಿದ್ದ ಹಳೇ ಗೆರಸಿ ಮೇಲೆ ಚಿತ್ತಾರ ಬರೆದು ಜಗಲಿ ಗೋಡೆಗೆ ನೇತುಹಾಕಿದ್ದೆ. ಬಂದವರೆಲ್ಲ ಕೇಳೋಕೆ ಶುರು ಮಾಡಿದ್ರು. ನಮ್ಮ ಚಿಕ್ಕಪ್ಪನ ಮಗನ ಅಂಗಡಿ ಹೊಳೆಬಾಗಿಲು ಹತ್ರ. ಸಿಗಂದೂರು ದೇವಸ್ಥಾನಕ್ಕೆ ಹೋಗೋರು ಆಗ ಅಲ್ಲಿ ಶರಾವತಿ ಹಿನ್ನೀರು ದಾಟೋ ಲಾಂಚ್‌ಗೆ ಕಾಯ್ತಾ ನಿಲ್ತಿದ್ರು, ಒಂದೊಂದು ಸಲ ಎರಡು ಗಂಟೆ. ಆ ಹೊತ್ತಲ್ಲಿ ಚಾ ಕುಡೀತಾ ಗೋಡೆ ನೋಡ್ತಿದ್ರು, ತಗೊಳ್ತಿದ್ರು. ಒಂದು ಬೇಸಿಗೆಯಲ್ಲಿ 31 ಹೋಗಿತ್ತು. ಆಮೇಲೆ 2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆ ಆಯ್ತು. ಆ ಕಡೆಯ ಊರಿನವರಿಗೆ ರಾತ್ರಿ ಆಸ್ಪತ್ರೆಗೆ ಹೋಗೋಕೆ ದಾರಿ ಆಯ್ತಲ್ಲ, ಅದಕ್ಕಿಂತ ದೊಡ್ಡದು ಯಾವುದೂ ಇಲ್ಲ, ನಮಗೆಲ್ಲ ಸಂತೋಷವೇ. ಆದ್ರೆ ಈಗ ಕಾರು ಯಾವುದೂ ಅಂಗಡಿ ಮುಂದೆ ನಿಲ್ಲೋದಿಲ್ಲ. ಕಳೆದ ಬೇಸಿಗೆಯಲ್ಲಿ ಹೋಗಿದ್ದು 6.

ಈಗ ವಿಷಯಕ್ಕೆ ಬರ್ತೀನಿ. ಹೋದ ವರ್ಷ ಒಂದು ಗೆರಸಿ ಕೊಂಡಿದ್ದ ಬೆಂಗಳೂರಿನವರೊಬ್ರು ಫೋನ್ ಮಾಡಿದ್ರು. ಮಗಳ ಮದುವೆ ಶ್ರಾವಣದಲ್ಲಿ. ಬಂದವರಿಗೆ ಕೊಡೋಕೆ 8 ಇಂಚಿನ ಗೆರಸಿ 200 ಬೇಕಂತೆ, 45 ದಿನದಲ್ಲಿ. ಒಂದಕ್ಕೆ 250 ಕೊಡ್ತಾರಂತೆ. ಮಧ್ಯದಲ್ಲಿ ಹುಡುಗ ಹುಡುಗಿ ಹೆಸರು ಬರೀಬೇಕು, ಮಂಟಪಕ್ಕೆ ಹೊಂದೋ ಹಾಗೆ ಸ್ವಲ್ಪ ಆಕಾಶನೀಲಿ ಸೇರಿಸಬೇಕು ಅಂದ್ರು.

50,000 ರೂಪಾಯಿ! ಅಷ್ಟು ದುಡ್ಡನ್ನು ಒಟ್ಟಿಗೆ ನಾನು ದುಡಿದು ನೋಡಿದ್ದೇ ಇಲ್ಲ. ಆದ್ರೆ ಹೆದರಿಕೆಯೂ ಇದೆ. ಗೆರಸಿಗೆ ಅದನ್ನ ಹೆಣೆಯೋ ಮೇದಾರರಿಗೆ 60 ಕೊಡ್ತೀನಿ. ಬಣ್ಣ, ಗೋಂದು ಸೇರಿ 12, ದಾರ ಮತ್ತು ಸುತ್ತೋ ಕಾಗದಕ್ಕೆ 18, ಪಾರ್ಸೆಲ್ ಡಬ್ಬಿಗೆ 10. ಬರೆಯೋಕೆ ಮೂರು ಗಂಟೆ ಬೇಕು. ಇದು ಲಾಭವಾ ನಷ್ಟವಾ ನನಗೆ ತಿಳೀತಿಲ್ಲ. ಜಿಎಸ್‌ಟಿ, ಲೈಸೆನ್ಸು ಇಲ್ಲದೆ ಮಾಡಬಹುದಾ? ಸಾಲ ತೆಗೀಬೇಕಾ?

ಇನ್ನೊಂದು ಮಾತು. ಅತ್ತೆಗೆ ಇದು ಸರಿಬರ್ತಿಲ್ಲ. ಭೂಮಿತಾಯಿ ಬಸುರಿ ಅಂತ ಬಯಕೆ ಊಟ ಹೊತ್ತುಕೊಂಡು ಹೋಗೋ ಬುಟ್ಟಿಯ ಚಿತ್ತಾರ ಅದು, ಅದನ್ನ ಮಾರ್ತೀಯಾ ಅಂತ ಕೇಳಿದ್ರು. ಅವರು ಸಿಟ್ಟಲ್ಲಿ ಹೇಳಿದ್ದಲ್ಲ, ಅದಕ್ಕೇ ನನಗೆ ಹೆಚ್ಚು ಚುಚ್ಚಿತು.

---

ಚೊಗರು, ಹೊಸನಗರ

ತಂಗೀ, ನಾನು ಅಡಿಕೆ ಚೊಗರಿನ (ಅಡಿಕೆ ಬೇಯಿಸಿದ ನೀರಿನ) ಬಣ್ಣದ ಬಟ್ಟೆ ಚೀಲ ಮಾಡ್ತೀನಿ, 9 ವರ್ಷ ಆಯ್ತು. ಬಣ್ಣದ ಕೆಲಸ ಕಲ್ತಿದ್ದು ಹೆಗ್ಗೋಡಿನ ಕಡೆ. ಅಲ್ಲಿ ಚರಕ ಅನ್ನೋ ಸಂಘದವರು 1996ರಿಂದ ನೇಯ್ಗೆ, ಬಣ್ಣ ಅಂತ ಊರ ಹೆಂಗಸರಿಗೆ ಕೆಲಸ ಕಟ್ಟಿಕೊಟ್ಟಿದ್ದು ನಿಂಗೂ ಗೊತ್ತಿರ್ತದೆ. ನಿನ್ನ ಬರಹ ಓದಿ ನನ್ನ ಮೊದಲನೇ ವರ್ಷ ಕಣ್ಣ ಮುಂದೆ ಬಂತು.

ಮೊದಲು ನಿನ್ನ ಲೆಕ್ಕ ನೋಡುವ. ಖರ್ಚು 60, 12, 18, 10. ಕೂಡಿದ್ರೆ 100. ಅವರು ಕೊಡೋದು 250. ಉಳಿದ 150ನ್ನು ಮೂರು ಗಂಟೆಗೆ ಹಂಚಿದ್ರೆ ಗಂಟೆಗೆ 50. ನಿಮ್ಮ ಕಡೆ ತೋಟದ ಕೆಲಸಕ್ಕೆ ಹೆಂಗಸರಿಗೆ ದಿನಕ್ಕೆ ಎಷ್ಟು? ನಮ್ಮಲ್ಲಿ 450. ಕಳೆ ತೆಗೆದ್ರೂ ಗಂಟೆಗೆ 56 ಸಿಗ್ತದೆ, ಅಜ್ಜಿಯಿಂದ ಕಲ್ತ ವಿದ್ಯೆಗೆ ಅದಕ್ಕಿಂತ ಕಡಿಮೆ. ಇನ್ನು ಹಾಳಾಗೋದನ್ನ ನೀನು ಲೆಕ್ಕಕ್ಕೇ ಹಿಡಿದಿಲ್ಲ. ಹತ್ತರಲ್ಲಿ ಒಂದು ಕೈಕೊಡ್ತದೆ ಅಂತ ಇಟ್ಕೊ. ಬಣ್ಣ ಬಿರಿಯೋದು, ಅಂಚು ಬಿಚ್ಚೋದು, ಹೆಸರಲ್ಲಿ ಒಂದು ಒತ್ತಕ್ಷರ ತಪ್ಪೋದು.

ನಾನು ಗಂಟೆಗೆ 80 ಹಿಡೀತೀನಿ. ನಿನ್ನ ಗೆರಸಿಗೆ ಕೂಲಿ 240, ಸಾಮಾನು 100, ಹಾಳಿಗೆ 34, ಆಯ್ತಲ್ಲ 374. ಮುಂದಿನ ಸಲ ಬಿದಿರು, ಬಣ್ಣ ತರೋಕೆ ಕೈಯಲ್ಲಿ ಸ್ವಲ್ಪ ಉಳೀಬೇಕು. 420ಕ್ಕಿಂತ ಕೆಳಗೆ ಇಳೀಬೇಡ.

ಆಮೇಲೆ ಹೊತ್ತು. 200ಕ್ಕೆ 600 ಗಂಟೆ. ಮನೆ, ಕೊಟ್ಟಿಗೆ, ಮಕ್ಕಳು ಎಲ್ಲಾ ಮುಗಿದ ಮೇಲೆ ದಿನಕ್ಕೆ ಎಷ್ಟು ಗಂಟೆ ನಿಂದು? ನಾಲ್ಕೂವರೆ ಅಂತ ಇಟ್ರೂ 133 ದಿನ ಬೇಕು. ಬೇರೆಯವರನ್ನ ಸೇರಿಸ್ಕೊಳ್ಳಬಹುದು, ಆದ್ರೆ 45 ದಿನದಲ್ಲಿ ಅವರಿಗೆ ಕಲಿಸಿ ಅಜ್ಜಿಯಂಥ ಎಳೆ ಎಳೆಸೋದು ಆಗೋ ಮಾತಲ್ಲ.

ಈಗ ಮಳೆ. ಇದನ್ನ ನಿಧಾನ ಓದು. ನನ್ನ ಮೊದಲ ದೊಡ್ಡ ಆರ್ಡರ್ 150 ಚೀಲ, ಬೆಂಗಳೂರಿನ ಒಂದು ಅಂಗಡಿಗೆ. ಆಷಾಢದಲ್ಲಿ ಬಣ್ಣ ಹಾಕಿದೆ. ಮೇಲಿಂದ ಮುಟ್ಟಿದ್ರೆ ಒಣಗಿತ್ತು, ಹೊಲಿಗೆ ಮಡಿಕೆ ಒಳಗೆ ತೇವ ಇತ್ತು. ಪ್ಲಾಸ್ಟಿಕ್‌ನಲ್ಲಿ ಕಟ್ಟಿ ಬಸ್ಸಿಗೆ ಹಾಕಿದೆ. ಹನ್ನೆರಡು ದಿನ ಬಿಟ್ಟು ಅವರು ಕಟ್ಟು ಬಿಚ್ಚಿದ್ರೆ 40 ಚೀಲಕ್ಕೆ ಬೂಷ್ಟು. ಅದು ಪೂರ್ತಿ ನನ್ನ ತಪ್ಪು, ಆ 40ರ ದುಡ್ಡು ಬಿಟ್ಟೆ. ಆದ್ರೆ ಉಳಿದ 110ರ ದುಡ್ಡನ್ನೂ ಅವರು ಮಾರಾಟ ಆದ ಮೇಲೆ ಕೊಡ್ತೀವಿ ಅಂತ ನಾಲ್ಕು ತಿಂಗಳು ಎಳೆದ್ರು. ಅಷ್ಟು ದಿನ ದಾರಕ್ಕೆ, ಪಟಿಕಕ್ಕೆ ಸಾಲ ಮಾಡಿದ್ದೆ. ರಾತ್ರಿ ನಿದ್ದೆ ಇರಲಿಲ್ಲ.

ನಿಂದು ಬಿದಿರು, ಮಣ್ಣು, ಅಕ್ಕಿ ಹಿಟ್ಟು. ಮೂರಕ್ಕೂ ತೇವ ಒಗ್ಗೋದಿಲ್ಲ. ಅಕ್ಕಿ ಹಿಟ್ಟಿಗೆ ಜಿರಳೆ ಬೇರೆ ಬರ್ತದೆ. ಹಬ್ಬದ ಬುಟ್ಟಿಗೆ ಇದ್ಯಾವುದೂ ತೊಂದರೆ ಅಲ್ಲ, ವರ್ಷಕ್ಕೊಮ್ಮೆ ಹೊಸದಾಗಿ ಬಳೀತೀರಿ. ದುಡ್ಡು ಕೊಟ್ಟು ಗೋಡೆಗೆ ಹಾಕಿದವರು ಐದು ವರ್ಷ ಇರ್ಲಿ ಅಂತಾರೆ. ಇವತ್ತೇ ನಾಲ್ಕು ಬರಿ. ಒಂದನ್ನ ಬಚ್ಚಲ ಗೋಡೆಗೆ ಹಾಕು, ಒಂದನ್ನ ಬಿಸಿಲು ಬೀಳೋ ಕಿಟಕಿ ಹತ್ರ. ಒಂದನ್ನ ಕಾಗದದಲ್ಲಿ ಸುತ್ತಿ ಡಬ್ಬಿಯಲ್ಲಿ ಮುಚ್ಚಿಡು. ಇನ್ನೊಂದನ್ನ ಬೆಂಗಳೂರಲ್ಲಿ ನೆಂಟರಿದ್ರೆ ಅವರಿಗೆ ಪಾರ್ಸೆಲ್ ಮಾಡಿ, ಹಾಗೇ ವಾಪಸ್ ಕಳಿಸೋಕೆ ಹೇಳು. ಹೋಗಿ ಬಂದ ಮೇಲೆ ಎಷ್ಟು ಎಳೆ ಉದುರಿದೆ ಅಂತ ನೋಡಿದ್ರೆ ಗೋಂದು ಸಾಕೋ ಬೇಕೋ ಗೊತ್ತಾಗ್ತದೆ.

ಒಣಗಿಸೋಕೆ ಒಂದು ದಾರಿ ಇದೆ. ಊರಲ್ಲಿ ಯಾರ ಮನೆಯಲ್ಲಾದ್ರೂ ಅಡಿಕೆ ಡ್ರೈಯರ್ ಇದ್ರೆ ಕೊಯ್ಲು ಶುರುವಾಗೋ ತನಕ ಅದು ಖಾಲಿ ಇರ್ತದೆ. ಕೇಳಿ ನೋಡು. ಬೆಂಕಿ ಸಣ್ಣಗಿರ್ಲಿ, ಜೋರಾದ್ರೆ ಮಣ್ಣಿನ ಲೇಪ ಬಿರೀತದೆ. ಹೊಗೆ ತಾಗದ ಹಾಗೂ ನೋಡ್ಕೋ, ಬಿಳಿ ಎಳೆ ಮಬ್ಬಾಗ್ತದೆ.

ಅರ್ಧ ದುಡ್ಡು ಮುಂಗಡ ಬಾರದೆ ಒಂದು ಗೆರಸಿಯನ್ನೂ ಕೊಳ್ಳಬೇಡ. ಮಗಳ ಮದುವೆಗೆ ಇಷ್ಟು ಆಸೆಪಟ್ಟು ಕೇಳಿದವರು ಮುಂಗಡ ಕೊಡೋಕೆ ಬೇಜಾರು ಮಾಡ್ಕೊಳ್ಳೋದಿಲ್ಲ.

---

ಲೆಕ್ಕದ ಪುಸ್ತಕ, ಶಿವಮೊಗ್ಗ

ಹೊಸನಗರದ ಮೇಡಂ ಹೇಳಿದ ಮೇಲೆ ದರದ ಬಗ್ಗೆ ನಾನು ಸೇರಿಸೋದು ಏನೂ ಇಲ್ಲ. ಕಾಗದಪತ್ರದ ವಿಷಯ ಮಾತ್ರ ಹೇಳ್ತೀನಿ. ಇಪ್ಪತ್ತು ವರ್ಷದಿಂದ ಸಣ್ಣ ವ್ಯಾಪಾರದವರ ಲೆಕ್ಕ ಬರೀತಿದ್ದೀನಿ.

ಜಿಎಸ್‌ಟಿ ಬಗ್ಗೆ ಹೆದರಬೇಡಿ. ಕರ್ನಾಟಕದೊಳಗೆ ಬರೀ ಸರಕು ಮಾರೋರಿಗೆ ವರ್ಷದ ವಹಿವಾಟು 40 ಲಕ್ಷ ದಾಟೋ ತನಕ ನೋಂದಣಿ ಕಡ್ಡಾಯ ಅಲ್ಲ. ಸಾಗರದಿಂದ ಬೆಂಗಳೂರಿಗೆ ಕಳಿಸೋದು ರಾಜ್ಯದೊಳಗಿನ ಮಾರಾಟವೇ. ಮುಂದೆ ಯಾವುದಾದ್ರೂ ಆನ್‌ಲೈನ್ ತಾಣದಲ್ಲಿ ಮಾರೋ ಮನಸ್ಸಿದ್ರೂ, 2023ರ ಅಕ್ಟೋಬರ್ 1ರಿಂದ ನಿಮ್ಮಂಥ ಸಣ್ಣವರು ಜಿಎಸ್‌ಟಿ ನಂಬರ್ ಇಲ್ಲದೆ, ಪೋರ್ಟಲ್‌ನಲ್ಲಿ ಒಂದು ದಾಖಲಾತಿ ಸಂಖ್ಯೆ ತಗೊಂಡು ರಾಜ್ಯದೊಳಗೆ ಮಾರಬಹುದು. ಬಿಲ್ಲಲ್ಲಿ ತೆರಿಗೆ ಅಂತ ಬೇರೆ ಹಾಕಬೇಡಿ, ಅಷ್ಟೆ.

ಉದ್ಯಮ್ ನೋಂದಣಿಯನ್ನ, ಅಂದ್ರೆ ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ದಾಖಲಾಗೋದನ್ನ, ಮಾತ್ರ ಈ ವಾರವೇ ಮಾಡಿಸಿ. ಆಧಾರ್, ಪ್ಯಾನ್ ಇದ್ರೆ ಆನ್‌ಲೈನಲ್ಲಿ ಆಗ್ತದೆ. ಸರ್ಕಾರ ಇದಕ್ಕೆ ಒಂದು ರೂಪಾಯಿಯನ್ನೂ ತಗೊಳ್ಳೋದಿಲ್ಲ. ಸಾವಿರ ಎರಡು ಸಾವಿರ ಕೇಳೋ ನಕಲಿ ತಾಣಗಳಿವೆ, ವಿಳಾಸದ ಕೊನೆಯಲ್ಲಿ ಸರ್ಕಾರಿ ಗುರುತು ಇದೆಯಾ ನೋಡ್ಕೊಳ್ಳಿ. ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ಮೇಡಂ ನಾಲ್ಕು ತಿಂಗಳು ದುಡ್ಡಿಗೆ ಕಾದ್ರಲ್ಲ, ಅದಕ್ಕೆ ಕಾನೂನಲ್ಲಿ ಔಷಧಿ ಇದೆ. 2006ರ ಎಂಎಸ್‌ಎಂಇ (ಸಣ್ಣ ಉದ್ದಿಮೆಗಳ) ಕಾಯಿದೆ ಪ್ರಕಾರ ಸಣ್ಣ ಉತ್ಪಾದಕರಿಂದ ಮಾಲು ತಗೊಂಡ ಅಂಗಡಿಯವರು ಒಪ್ಪಂದ ಇದ್ರೂ 45 ದಿನದೊಳಗೆ, ಲಿಖಿತ ಒಪ್ಪಂದ ಇಲ್ಲದಿದ್ರೆ 15 ದಿನದೊಳಗೆ ದುಡ್ಡು ಕೊಡಬೇಕು. ತಡ ಆದ್ರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈ ದಾರಿ ಹಿಡೀಬೇಕಾದ್ರೆ ಉದ್ಯಮ್ ನೋಂದಣಿ ಮೊದಲೇ ಆಗಿರೋದು ಕ್ಷೇಮ. ಬಿಲ್ಲಲ್ಲಿ ಆ ನಂಬರ್ ಮುದ್ರಿಸಿದ್ರೆ ಅರ್ಧ ಜನ ಕೇಳೋ ಮೊದಲೇ ಕೊಡ್ತಾರೆ, ಇದು ನಾನು ಕಣ್ಣಾರೆ ಕಂಡಿದ್ದು.

ಕೇಂದ್ರ ಜವಳಿ ಸಚಿವಾಲಯದ ಕರಕುಶಲ ವಿಭಾಗ ಕೊಡೋ ಪೆಹಚಾನ್ ಕಾರ್ಡಿಗೂ ಅರ್ಜಿ ಹಾಕಿ. ಸರ್ಕಾರಿ ಕರಕುಶಲ ಮೇಳಗಳಲ್ಲಿ ಮಳಿಗೆ ಕೇಳೋಕೆ ಅದು ಬೇಕಾಗ್ತದೆ. ಸ್ವಸಹಾಯ ಸಂಘದಲ್ಲಿದ್ರೆ ಸರ್ಕಾರದ ಸಂಜೀವಿನಿ ಯೋಜನೆ ಕಡೆಯಿಂದ, ಸಂಘದವರ ಮಾಲು ಮಾರೋ ಸರಸ್ ಮೇಳಕ್ಕೂ ಕೇಳಬಹುದು.

ಸಾಲ ಈಗ ಬೇಡ. ಮುಂಗಡದಲ್ಲೇ ಸಾಮಾನು ಬರ್ತದೆ. ಮುಂದೆ ಒಂದು ಕೋಣೆ, ಒಣಗಿಸೋ ವ್ಯವಸ್ಥೆ, ನಾಲ್ಕು ಜನ ಅಂತ ಆದಾಗ ಹೊಸ ಉದ್ದಿಮೆಗೆ ಸಾಲ, ಸಹಾಯಧನ ಕೊಡೋ ಕೇಂದ್ರದ ಪಿಎಂಇಜಿಪಿ ಯೋಜನೆ ಅಡಿ ಹಳ್ಳಿಯ ಹೆಂಗಸರಿಗೆ ಯೋಜನಾ ವೆಚ್ಚದ 35 ಶೇಕಡಾ ಸಹಾಯಧನ ಇದೆ, ಕೈಯಿಂದ 5 ಶೇಕಡಾ ಹಾಕಿದ್ರೆ ಸಾಕು. ಆಗ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ. ಈಗ ನೀವು ಮಾಡಬೇಕಾದ್ದು ಒಂದು ಬೇರೆ ಬ್ಯಾಂಕ್ ಖಾತೆ ಮತ್ತು ಒಂದು ನೋಟ್‌ಬುಕ್. ಮನೆ ದುಡ್ಡು, ಗೆರಸಿ ದುಡ್ಡು ಒಂದೇ ಡಬ್ಬಿಯಲ್ಲಿದ್ರೆ ವರ್ಷದ ಕೊನೆಗೆ ಏನೂ ತಿಳಿಯೋದಿಲ್ಲ.

---

ಸೊರಬದ ದೊಡ್ಡಮ್ಮ

ಮಗಾ, ಇದನ್ನ ನಾನು ಹೇಳಿದ್ದು, ಮೊಮ್ಮಗಳು ಬರೀತಿದ್ದಾಳೆ. ನಾನೂ ಹಸೆ ಬರೆಯೋಳೇ. ನಿಮ್ಮತ್ತೆ ಮಾತನ್ನ ತೆಗೆದು ಹಾಕಬೇಡ. ಬೂಮಣ್ಣಿ ಬುಟ್ಟಿ ಬುಟ್ಟಿಯಾಗೇ ಇರ್ಲಿ, ಅದು ಗದ್ದೆಗೆ ಚರಗ, ಅಂದ್ರೆ ಭೂಮಿತಾಯಿಯ ಎಡೆ, ಹೊತ್ತುಕೊಂಡು ಹೋಗೋಕೆ. ಅದನ್ನ ಮಾಡಿ ಮಾರಬೇಡ. ಆದ್ರೆ ಜೋಗಿ ಜಡೆ, ನಿಲಿ, ತೇರು ಅನ್ನೋ ಚಿತ್ತಾರಗಳೆಲ್ಲ ಮದುವೆ ಗೋಡೆಗೆ ಬರೆಯೋವು. ಮದುವೆಗೆ ಅಂತ ಕೇಳಿದವರಿಗೆ ಅದನ್ನ ಬರೆದುಕೊಟ್ರೆ ಯಾವ ತಪ್ಪೂ ಇಲ್ಲ. ಹಿಂದೆಯೂ ಹಸೆ ಬರೆಯೋಕೆ ಬಂದೋಳನ್ನ ಬರಿಗೈಯಲ್ಲಿ ಕಳಿಸ್ತಿರಲಿಲ್ಲ. ಅಕ್ಕಿ, ಕಾಯಿ, ವೀಳ್ಯ ಕೊಟ್ಟು ಮರ್ಯಾದೆ ಮಾಡಿ ಕಳಿಸೋರು.

ನೀಲಿ ಬೇಡ. ಬಿಳಿ, ಕೆಂಪು, ಕಪ್ಪು, ಹಳದಿ, ನಾಲ್ಕೇ. ಕೆಂಪಿನ ಮೇಲೆ ಬಿಳಿ ಎಳೆ ನಿಂತಾಗಲೇ ಅದು ಹಸೆ. ಇವತ್ತು ನೀಲಿ ಸೇರಿಸಿದ್ರೆ ನಾಳೆ ಇನ್ನೊಬ್ಬರು ಗುಲಾಬಿ ಕೇಳ್ತಾರೆ. ಆಮೇಲೆ ಕಾರ್ಖಾನೆಯವರು ಅಚ್ಚು ಹಾಕಿ ಮೂವತ್ತು ರೂಪಾಯಿಗೆ ಮಾರಿದ್ರೆ ನಿಂದು ಯಾವುದು ಅವರದ್ದು ಯಾವುದು ಅಂತ ಹೇಳೋಕೆ ಏನಿರ್ತದೆ? ಹೆಸರು ಬೇಕಾದ್ರೆ ಹಿಂಬದಿಗೆ ಬರಿ. ಮಧ್ಯದ ಜಾಗ ಮದುಮಕ್ಕಳ ಹಸೆಯದ್ದು. ನಿಮ್ಮತ್ತೆಯನ್ನ ಪಕ್ಕದಲ್ಲಿ ಕೂರಿಸ್ಕೊ, ಅಕ್ಕಿ ಅರೆದು ಕೊಡಲಿ. ಕೂತಲ್ಲಿ ಹಾಡೂ ಬರ್ತದೆ.

---

ವಾಟೆ, ರಿಪ್ಪನ್‌ಪೇಟೆ ಹತ್ತಿರ

ಅಕ್ಕಾ, ನಾನು ಮೇದಾರರ ಮನೆ ಹುಡುಗ. ನಮ್ಮಪ್ಪ ಗೆರಸಿ, ಬುಟ್ಟಿ ಹೆಣೆದೇ ನಮ್ಮನ್ನ ಓದಿಸಿದ್ದು. ನಾನು ಈಗ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದೀನಿ. ಎಲ್ಲರೂ ನಿಮ್ಮ ಮೂರು ಗಂಟೆಗೆ ಲೆಕ್ಕ ಹಾಕಿದ್ದು ಓದಿ ಖುಷಿ ಆಯ್ತು. ಆ 60 ರೂಪಾಯಿ ಬಗ್ಗೆ ಮಾತ್ರ ಯಾರೂ ಮಾತಾಡಲಿಲ್ಲ.

8 ಇಂಚಿನ ಗೆರಸಿ ಸಣ್ಣದು ಅಂತ ಕೆಲಸ ಕಡಿಮೆ ಆಗೋದಿಲ್ಲ. ಎಸಳು ಇನ್ನೂ ತೆಳ್ಳಗೆ ಸೀಳಬೇಕು. ಬಿದಿರು ತರೋದು, ಸೀಳೋದು, ಹೊರೆಯೋದು ಬಿಟ್ಟು ಬರೀ ಹೆಣೆದು ಅಂಚು ಕಟ್ಟೋಕೇ ಅಪ್ಪನಿಗೆ ಒಂದೂಕಾಲು ಗಂಟೆ ಹಿಡೀತದೆ. ಸಂತೆಯಲ್ಲಿ ಪ್ಲಾಸ್ಟಿಕ್ ಮೊರ ಬಂದ ಮೇಲೆ ಕೇಳೋರಿಲ್ಲ ಅಂತ ಅವರು 60ಕ್ಕೂ ಹೂಂ ಅಂತಾರೆ. ನೀವು 90 ಕೊಟ್ರೆ ನಿಮಗೆ ಬೇಕಾದ ಅಳತೆ, ಒಂದೇ ಹೆಣಿಗೆ, ಹಿಂಬದಿಗೆ ನೇತುಹಾಕೋ ಬಳೆ ಎಲ್ಲಾ ಮಾಡಿಕೊಡ್ತಾರೆ. ನಿಮ್ಮ ಚಿತ್ತಾರ ನಿಲ್ಲೋದು ಆ ಹೆಣಿಗೆ ಮೇಲೇ ಅಲ್ವಾ.

ಎಳೆ ಬಿದಿರಿನ ಮಾಲು ತಗೋಬೇಡಿ. ಮೂರು ವರ್ಷ ಬಲಿತಿರಬೇಕು. ಎಳೆಯದಕ್ಕೆ ಕುಟ್ಟೆ ಹುಳ ಹಿಡಿದು ಆರು ತಿಂಗಳಲ್ಲಿ ಗೋಡೆ ಕೆಳಗೆ ಹಿಟ್ಟು ಉದುರ್ತದೆ. ಹಳೇ ಮನೆಗಳಲ್ಲಿ ಒಲೆ ಮೇಲಿನ ಅಟ್ಟದಲ್ಲಿಟ್ಟ ಬುಟ್ಟಿಗೆ ಕುಟ್ಟೆ ಬರ್ತಿರಲಿಲ್ಲ, ಹೊಗೆ ಕಾಯ್ತಿತ್ತು. ಈಗ ಗ್ಯಾಸ್ ಬಂತು. ಬಿಳಿ ಬಣ್ಣದ ಮಾಲಿಗೆ ಹೊಗೆ ಆಗೋದೂ ಇಲ್ಲ. ಬೋರಿಕ್ ಆಸಿಡ್ ಒಂದು ಪಾಲು, ಬೋರಾಕ್ಸ್ ಒಂದೂವರೆ ಪಾಲು ಸೇರಿಸಿ ನೀರಲ್ಲಿ ಕರಗಿಸಿ, ಬಣ್ಣ ಹಚ್ಚೋ ಮೊದಲೇ ಗೆರಸಿ ನೆನೆಸಿ ಒಣಗಿಸ್ಕೊಳ್ಳಿ. ಹಾಗೆ ಮಾಡಿದ್ದನ್ನ ಅಕ್ಕಿ ಕೇರೋಕೆ, ತಿಂಡಿ ಇಡೋಕೆ ಬಳಸಬಾರದು ಅಂತ ಚೀಟಿ ಅಂಟಿಸಿ ಕೊಡಿ.

ಇನ್ನೊಂದು, ನಿಮ್ಮೂರಿನ ಮೇದಾರರಿಗೆ ಹೇಳಿ. 2023ರ ಸೆಪ್ಟೆಂಬರ್ 17ಕ್ಕೆ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬುಟ್ಟಿ ಹೆಣೆಯೋದೂ ಇದೆ. ತರಬೇತಿಗೆ ದಿನಕ್ಕೆ 500, ಸಲಕರಣೆಗೆ 15,000, ಆಮೇಲೆ 5 ಶೇಕಡಾ ಬಡ್ಡಿಯಲ್ಲಿ ಮೊದಲ ಕಂತು 1 ಲಕ್ಷದ ತನಕ ಸಾಲ ಅಂತ ಇದೆ. ನಮ್ಮಪ್ಪನಿಗೆ ನಾನೇ ಅರ್ಜಿ ಹಾಕಿಸಿದ್ದು.

---

ಕೆಮ್ಮಣ್ಣು, ಸಾಗರ ತಾಲ್ಲೂಕು

ಎಲ್ಲರಿಗೂ ಕೈಮುಗಿತೀನಿ. ಎರಡು ದಿನ ಉತ್ತರ ಬರೆಯೋಕೆ ಆಗಲಿಲ್ಲ, ಕರೆಂಟ್ ಇರಲಿಲ್ಲ.

ವಾಟೆ ತಮ್ಮಾ, ನಿನ್ನ ಮಾತು ಓದಿ ನಾಚಿಕೆ ಆಯ್ತು. ನಾಲ್ಕು ವರ್ಷದಿಂದ ಅವರ ಹತ್ರ ಗೆರಸಿ ತಗೊಳ್ತಿದ್ದೀನಿ, ಹೆಣೆಯೋಕೆ ಎಷ್ಟು ಹೊತ್ತು ಬೇಕು ಅಂತ ಒಂದು ಸಲವೂ ಕೇಳಿರಲಿಲ್ಲ. ನಿನ್ನೆ ಹೋಗಿ ಕೂತು ಕೇಳಿದೆ. 90 ಅಂದಾಗ ಅವರ ಹೆಂಡತಿ ಒಳಗಿಂದ ಹೊರಗೆ ಬಂದು ನಿಂತ್ರು. ಅವರ ಹತ್ರ ಬಲಿತ ಬಿದಿರಿಂದು ಈಗ 22 ಇದೆ, ಉಳಿದದ್ದು ಹದಿನೈದು ದಿನದಲ್ಲಿ ಅಂದಿದ್ದಾರೆ.

ಅಕ್ಕ, ನೀವು ಹೇಳಿದ ಹಾಗೇ ಲೆಕ್ಕ ಹಾಕಿದೆ. ಸಾಮಾನು 130, ಕೂಲಿ 240, ಹಾಳಿಗೆ 37, ಸೇರಿ 407. 450 ಅಂತ ನಿಲ್ಲಿಸಿದೆ. ನನ್ನ ಒಬ್ಬಳ ಕೈಲಿ ಆಗೋದು 60, ಹಾಳಾಗೋದಕ್ಕೆ ಅಂತ 66 ಬರೆದ್ರೆ 198 ಗಂಟೆ. ದಿನಕ್ಕೆ ನಾಲ್ಕೂವರೆಯಂತೆ 45 ದಿನಕ್ಕೆ 202. ನಾಲ್ಕೇ ಗಂಟೆ ಉಳೀತದೆ, ಒಂದು ದಿನ ಜ್ವರ ಬಂದ್ರೆ ಮುಗೀತು. ಅದಕ್ಕೆ ಲೇಪ ಹಚ್ಚೋ ಕೆಲಸ ಅತ್ತೆಗೆ ಕೊಟ್ಟಿದ್ದೀನಿ, ಅವರ ಕೂಲಿ ಅವರಿಗೆ.

ಹೌದು, ಅತ್ತೆ ಒಪ್ಪಿದ್ರು. ದೊಡ್ಡಮ್ಮ ಹೇಳಿದ್ದನ್ನ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬೂಮಣ್ಣಿ ಬುಟ್ಟಿ ಮಾರೋದಿಲ್ಲ ಅಂತ ಬಾಯಲ್ಲಿ ಹೇಳು ಅಂದ್ರು. ಹೇಳಿದೆ.

ಬೆಂಗಳೂರಿನವರಿಗೆ ಬೆಳಿಗ್ಗೆ ಫೋನ್ ಮಾಡಿದೆ. ಕೈ ನಡುಗ್ತಿತ್ತು. 60 ಮಾತ್ರ ಆಗ್ತದೆ, 450, ಅರ್ಧ ಮುಂಗಡ, ನೀಲಿ ಇಲ್ಲ, ಹೆಸರು ಹಿಂಬದಿಗೆ ಅಂತ ಒಂದೇ ಉಸಿರಲ್ಲಿ ಹೇಳಿಬಿಟ್ಟೆ. ಅವರು ನೀಲಿ ಯಾಕೆ ಬೇಡ ಅಂತ ಕೇಳಿದ್ರು. ದೊಡ್ಡಮ್ಮನ ಮಾತನ್ನೇ ಹೇಳಿದೆ. ಮನೆಯವರನ್ನ ಕೇಳಿ ಹೇಳ್ತೀನಿ ಅಂದ್ರು. ಮಧ್ಯಾಹ್ನದ ತನಕ ಅನ್ನ ಇಳೀಲಿಲ್ಲ. ಮೂರು ಗಂಟೆಗೆ 13,500 ಖಾತೆಗೆ ಬಂತು. ಹತ್ತಿರದ ನೆಂಟರಿಗೆ ಮಾತ್ರ ಗೆರಸಿ, ಉಳಿದವರಿಗೆ ಬೇರೆ ಏನೋ ಕೊಡ್ತಾರಂತೆ. ಹಸೆ ಬಗ್ಗೆ ನಾಲ್ಕು ಸಾಲು ಬರೆದ ಚೀಟಿ ಜೊತೆಗಿಡಿ ಅಂದಿದ್ದಾರೆ.

ಲೆಕ್ಕದ ಸರ್, ಉದ್ಯಮ್ ಅರ್ಜಿಯಲ್ಲಿ ಸಂಸ್ಥೆ ಹೆಸರು ಅಂತ ಒಂದು ಜಾಗ ಇದೆ, ಅಲ್ಲಿಗೆ ಬಂದು ನಿಂತಿದ್ದೀನಿ. ಅಜ್ಜಿ ಹೆಸರು ಇಡಬೇಕು ಅಂತ ಮನಸ್ಸು. ಆಮೇಲೆ ಬದಲಾಯಿಸೋಕೆ ಆಗ್ತದಾ, ಇಲ್ಲಾ ಈಗಲೇ ಗಟ್ಟಿ ಮಾಡ್ಕೋಬೇಕಾ? ಬಚ್ಚಲಲ್ಲಿ ಹಾಕಿದ ಗೆರಸಿಗೆ ಇವತ್ತಿಗೆ ಎರಡನೇ ದಿನ, ಕೆಳಗಿನ ಅಂಚಲ್ಲಿ ಒಂದು ಎಳೆ ಸ್ವಲ್ಪ ಉಬ್ಬಿದೆ. ಗೋಂದು ಜಾಸ್ತಿ ಮಾಡಿ ಇನ್ನೊಂದು ಬರೀತಿದ್ದೀನಿ.